ಹೆನ್ರಿಯ ಹಿತ್ತಲಲ್ಲಿ ಕುದಿಯದ ಹಂಡೆ

ಕೆನಡಾದಲ್ಲಿ ಏನೇನು ನೋಡಿದಿರಿ ಎಂದು ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದವರಿಗೆಲ್ಲ ಹಿಮ ನೋಡಿದೆ ಎಂದೇ ಹೇಳಿದ್ದೇನೆ. ಅದು ಸುಳ್ಳು. ನಾವು ಹೋದದ್ದು ಸೆಪ್ಟೆಂಬರಿನಲ್ಲಿ, ಆಗಿನ್ನೂ ಹಿಮ ಬಿದ್ದಿರಲಿಲ್ಲ. ಆ ದೊಡ್ಡ ಜಲಪಾತವನ್ನೂ ನೋಡಲಿಲ್ಲ. ನಾವಿದ್ದ ಊರಿನಿಂದ ಅದು ಪಾಂಡವಪುರದಿಂದ ಕಾಶಿ ಇರುವುದಕ್ಕಿಂತಲೂ ದೂರವಂತೆ. ಮೂರು ವಾರ ಅಲ್ಲಿದ್ದು ನಾನು ಕಣ್ಣರಳಿಸಿ ನೋಡಿದ್ದು ಒಂದು ಒಲೆಯನ್ನು. ಆ ಒಲೆ ಕೊಟ್ಟ ಏಟಿನಿಂದ ಇವತ್ತಿಗೂ ನಾನು ಪೂರ್ತಿ ಸುಧಾರಿಸಿಕೊಂಡಿಲ್ಲ.

ಪಾಂಡವಪುರ, ಹೊರಡುವ ಮುಂಚೆ

ನಾನು ನಿಂಗೇಗೌಡ, ಗೋಬರ್ ಗ್ಯಾಸ್ ಕೆಲಸದವನು. ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೆ ಯಾರ ಹಿತ್ತಲಲ್ಲಿ ಗುಂಡಿ ತೆಗೆಸಿ, ಇಟ್ಟಿಗೆ ಕಟ್ಟಿಸಿ, ಸಗಣಿ ಕಲಸಿ ಹೊಯ್ದು ಒಲೆ ಉರಿಸಬೇಕಾದರೂ ನನ್ನನ್ನು ಕರೆಯುತ್ತಾರೆ. ಗುಂಡಿಯ ಮೇಲೆ ಕವುಚುವ ಕಬ್ಬಿಣದ ಡ್ರಮ್ಮು, ಪೈಪು, ಒಲೆ ಇವೆಲ್ಲ ಸತ್ತಾರ್ ಭಾಯ್ ಪಾಲಿನವು. ಅವರದು ಬಾಬುರಾಯನಕೊಪ್ಪಲಿನಲ್ಲಿ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿ. ಹದಿನೈದು ವರ್ಷದಿಂದ ನಾವಿಬ್ಬರೂ ಒಂದೇ ಸ್ಕೂಟರಿನಲ್ಲಿ ಜಗಳವಾಡುತ್ತ ತಿರುಗಿದ್ದೇವೆ.

ಹೆನ್ರಿ ಎಂಬವರು ಕೆನಡಾದವರು, ತಾಂತ್ರಿಕ ಶಾಲೆಯೊಂದರ ನಿವೃತ್ತ ಮೇಷ್ಟ್ರು. ಎರಡು ಚಳಿಗಾಲ ನಮ್ಮ ಕಡೆ ಬಂದಿದ್ದು, ಸೈಕಲ್ಲು ತುಳಿದುಕೊಂಡು ನಮ್ಮ ಗುಂಡಿಗಳನ್ನೆಲ್ಲ ಅಳೆದು ಬರೆದುಕೊಂಡಿದ್ದರು. ತಮ್ಮೂರಿನ ಹಸು ಸಾಕುವವರಿಗೆ ಇದನ್ನು ತೋರಿಸಿಕೊಡಿ ಎಂದು ಕೊನೆಗೆ ಇಬ್ಬರನ್ನೂ ಕರೆಸಿಕೊಂಡರು. ನಮ್ಮ ಹಟ್ಟಿಯಲ್ಲಿ ಮುದ್ದೆ ಉಂಡು, ಬೆವರು ಒರೆಸಿಕೊಂಡು, ಇನ್ನೊಂದು ಕೇಳಿದ ಮನುಷ್ಯ. ಅವರ ಮಾತು ತೆಗೆದುಹಾಕುವುದು ನನ್ನಿಂದ ಆಗಲಿಲ್ಲ.

ಹೊರಡುವ ಹಿಂದಿನ ದಿನ ಅವ್ವ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ನನ್ನ ಬಲಗೈ ತೆಗೆದುಕೊಂಡು ತನ್ನ ತಲೆಯ ಮೇಲಿಟ್ಟುಕೊಂಡಳು. ಇದು ಹೊಸದಲ್ಲ. ಅಪ್ಪ ಸತ್ತಾಗ ನನಗೆ ಹನ್ನೆರಡು ವರ್ಷ, ನಾಗಮಂಗಲದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ. ಸುದ್ದಿ ಬಂದು ನಾನು ಊರು ಸೇರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಕಬ್ಬಿನ ಗದ್ದೆಯ ಮರೆಯಲ್ಲಿ ಯಾರೋ ಕಾಯಿಸುತ್ತಿದ್ದ ಕಳ್ಳಭಟ್ಟಿಗೆ ಅಪ್ಪ ಉರಿ ಹಾಕಲು ಹೋಗುತ್ತಿದ್ದರು, ಅಲ್ಲೇ ಕುಡಿದು ಎರಡು ದಿನ ಕಣ್ಣು ಕಾಣದೆ ಒದ್ದಾಡಿ ಹೋದರು ಎಂದು ಹೇಳಿದರು. ಅವತ್ತಿನಿಂದ ಯಾವ ಹೊಸ ಕೆಲಸಕ್ಕೆ ಹೊರಟರೂ ಅವ್ವ ಈ ಆಣೆ ಹಾಕಿಸಿಕೊಳ್ಳುತ್ತಾಳೆ.

"ನಿಮ್ಮಪ್ಪನ್ನ ತಿಂದ ಒಲೆ ಅದು," ಎಂದಳು. "ಅಂತಾ ಒಲೆಗೆ ನೀನು ಒಂದು ಕಡ್ಡಿ ಗೀರಿದ್ರೂ ಅವತ್ತಿಗೆ ನಾನಿಲ್ಲ ಅಂದ್ಕ."

"ನಾನ್ಯಾಕವ್ವ ಅದ್ರ ತಂಟೆಗೋಗ್ಲಿ? ಅವ್ರು ಸಗಣಿ ಕೆಲ್ಸುಕ್ಕೆ ಕರ್ದಿರೋದು."

"ಆಣೆ ಆಕು."

ಹಾಕಿದೆ. ಸೈನ್ಸು ಓದಿದವನು, ಮೀಥೇನು ಗೀಥೇನು ಎಂದು ನಾಲ್ಕು ಜನಕ್ಕೆ ಭಾಷಣ ಮಾಡುವವನು. ಆದರೂ ಅವ್ವನ ತಲೆಯ ಮೇಲಿನ ಆಣೆ ತಪ್ಪಿದರೆ ಅವಳಿಗೆ ಏನಾದರೂ ಆದೀತು ಎಂಬ ಭಯ ನನ್ನನ್ನು ಬಿಟ್ಟಿರಲಿಲ್ಲ. ನಗುವವರು ನಗಲಿ.

ಫ್ರಾಂಕ್‌ಫರ್ಟ್

ವಿಮಾನ ಬದಲಿಸಲು ಇಳಿದಾಗ ಬೆಳಿಗ್ಗೆ ಏಳು ಗಂಟೆ. ಪಕ್ಕದ ಮೇಜಿನಲ್ಲಿ ನಮ್ಮ ಅವ್ವನ ವಯಸ್ಸಿನ ಹೆಂಗಸೊಬ್ಬರು, ಕೊರಳಲ್ಲಿ ಮುತ್ತಿನ ಸರ, ಮುಂದೆ ಮೊಳದುದ್ದದ ಗ್ಲಾಸಿನಲ್ಲಿ ಬಿಯರು. ಬ್ರೆಡ್ಡು ಕಚ್ಚುತ್ತಾರೆ, ಒಂದು ಗುಟುಕು ಹೀರುತ್ತಾರೆ, ಪತ್ರಿಕೆ ಓದುತ್ತಾರೆ. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಸತ್ತಾರ್ ಭಾಯ್ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

"ಕಷಾಯ ಕುಡೀತಾವ್ರೆ ಅಂದ್ಕಳಿ ನಿಂಗಣ್ಣ," ಎಂದರು. "ನೋಡುದ್ರೆ ನಮ್ಗೆ ಗುನಾ, ಪಾಪ."

ಅವರನ್ನು ಕಾವಲಿನವರು ಆಗಲೇ ಒಮ್ಮೆ ತಡೆದು ನಿಲ್ಲಿಸಿದ್ದರು. ಚೀಲದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ, ಡಬ್ಬಿಯೊಳಗೆ ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್ಲು, ಕೂದಲೆಳೆಯಿಂದ ಹಿಡಿದು ಕಿರುಬೆರಳಿನವರೆಗಿನ ಬಿಟ್ಟುಗಳು, ಒಲೆಯೊಳಗೆ ಗ್ಯಾಸು ಚಿಮ್ಮುವ ತೂತಿನ ಹಿತ್ತಾಳೆ ಜೆಟ್ಟು ಒಂದು ಹಿಡಿ. ಇದ್ಯಾಕೆ ತಂದಿರಿ ಎಂದು ನಾನೇ ಬೈದೆ. ಡಾಕ್ಟ್ರು ಊರಿಗೆ ಹೋಗುವಾಗ ಕಿವೀಗಿಟ್ಟು ನೋಡೋದ್ನ ಮನೇಲಿ ಬುಟ್ಟೋಗ್ತಾರಾ ಎಂದು ನನ್ನನ್ನೇ ಕೇಳಿದರು.

ಲೆತ್‌ಬ್ರಿಡ್ಜ್, ಮೊದಲ ದಿನ

ಹೆನ್ರಿಯವರ ಊರಿನ ಮೊದಲ ಪರಿಚಯ ಗಾಳಿ. ಆಷಾಢದಲ್ಲಿ ನಮ್ಮಲ್ಲಿ ಬೀಸುವುದು ಇದರ ಮುಂದೆ ಬೀಸಣಿಗೆ. ಕಾರಿನ ಬಾಗಿಲು ತೆರೆದೊಡನೆ ಸತ್ತಾರ್ ಭಾಯಿಯ ಟೋಪಿ ಹಾರಿ ಎರಡು ಮನೆಯಾಚೆ ಹೋಯಿತು. ಅದನ್ನು ಎತ್ತಿ ತಂದುಕೊಟ್ಟವರು ಎದುರು ಮನೆಯ ಒಬ್ಬ ಎತ್ತರದ ಮನುಷ್ಯ. ಡೇವ್ ಎಂದು ಕೈಕುಲುಕಿದರು.

ಎರಡನೆಯ ಆಶ್ಚರ್ಯ ಸಕ್ಕರೆಯದು. ಇಲ್ಲೂ ಸಕ್ಕರೆ ಕಾರ್ಖಾನೆ ಇದೆ ಎಂದು ಹೆನ್ರಿ ಹೇಳಿದಾಗ ಪಾಂಡವಪುರದವನಾದ ನನಗೆ ಜೀವ ಬಂತು. ಕಬ್ಬಿನ ಗದ್ದೆ ಯಾವ ಕಡೆ ಎಂದು ಕೇಳಿದೆ. ಕಬ್ಬಿಲ್ಲವಂತೆ, ಬೀಟ್‌ರೂಟಿನ ಜಾತಿಯ ಒಂದು ಬಿಳಿ ಗೆಡ್ಡೆಯನ್ನು ಹಿಂಡುತ್ತಾರಂತೆ. ಮಣ್ಣೊಳಗಿಂದ ಸಕ್ಕರೆ ಅಗೆಯುವ ಜನ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಆದರೆ ನಾನು ನಿಜವಾಗಿ ದಂಗಾದದ್ದು ಅಡುಗೆಮನೆಯಲ್ಲಿ. ಹೆನ್ರಿಯವರ ಹೆಂಡತಿ ಮಾರ್ಗರೆಟ್ ಒಲೆಯ ಗುಂಡಿ ತಿರುಗಿಸಿದರು, ನೀಲಿ ಉರಿ ಬಂತು. ಸಿಲಿಂಡರು ಎಲ್ಲೂ ಇಲ್ಲ. ಡ್ರಮ್ಮೂ ಇಲ್ಲ. ಸಗಣಿಯಂತೂ ಆ ಬೀದಿಯಲ್ಲೇ ಇಲ್ಲ. ಗೋಡೆಯಿಂದ ಒಂದು ಪೈಪು ಬಂದಿದೆ, ಅಷ್ಟೆ. ನೆಲದಾಳದಿಂದ ತೆಗೆದ ಗ್ಯಾಸು ಊರಿನ ಬೀದಿಯಡಿಯಲ್ಲೆಲ್ಲ ಹರಿದು ನಲ್ಲಿನೀರಿನ ಹಾಗೆ ಮನೆಮನೆಗೆ ಬರುತ್ತದಂತೆ. ನಾನೂ ಸತ್ತಾರ್ ಭಾಯಿಯೂ ಮುಖ ಮುಖ ನೋಡಿಕೊಂಡೆವು. ಇಂಥ ಊರಿಗೆ ನಾವು ಏನು ಕಲಿಸಲು ಬಂದೆವು ಎಂದು ನನಗೆ ನಾಚಿಕೆಯೇ ಆಯಿತು. ದೂರದ ಫಾರಂಗಳಿಗೆ ಈ ಪೈಪು ಹೋಗುವುದಿಲ್ಲ, ನಿಮ್ಮ ಕೆಲಸ ಅಲ್ಲಿದೆ ಎಂದು ಹೆನ್ರಿ ಸಮಾಧಾನ ಮಾಡಿದರು.

ಮೂರನೆಯ ದಿನ

ಬೆಳಿಗ್ಗೆ ಹಿತ್ತಲಿಗೆ ಬಂದರೆ ಹೆನ್ರಿ ಒಂದು ಸ್ಟೀಲು ಹಂಡೆಯ ಮುಂದೆ ಮಂಡಿಯೂರಿದ್ದಾರೆ. ನಮ್ಮ ಬಚ್ಚಲ ಹಂಡೆಯಷ್ಟೇ ದೊಡ್ಡದು, ಐದಾರು ಬಿಂದಿಗೆ ಹಿಡಿಯುತ್ತದೆ. ಕೆಳಗೆ ಕಬ್ಬಿಣದ ದೊಡ್ಡ ಬರ್ನರು. ಅಡುಗೆಮನೆಯ ಗೋಡೆಯಿಂದ ಅಲ್ಲಿಯವರೆಗೆ ಉದ್ದಕ್ಕೆ ಎಳೆದ ತೆಳು ಕೊಳವೆ. ಹಂಡೆಯಿಂದ ಮೊಳಕೆ ರಾಗಿಯ ಅಂಬಲಿಯ ವಾಸನೆ. ಹೊಟ್ಟೆ ಚುರುಗುಟ್ಟಿತು.

"ತಿಂಡಿಯೇ?" ಎಂದು ಕೇಳಿದೆ.

"ಬಿಯರು," ಎಂದರು.

ಮೇಷ್ಟ್ರು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು, ಹಾಡುಹಗಲಲ್ಲಿ, ಸೊಂಟದೆತ್ತರದ ಬೇಲಿಯ ಹಿತ್ತಲಲ್ಲಿ ಭಟ್ಟಿ ಇಟ್ಟಿದ್ದಾರೆ. ನಾನು ಮೊದಲು ಮಾಡಿದ್ದು ಬೇಲಿಯಾಚೆ ಇಣುಕಿ ನೋಡಿದ್ದು. ನಮ್ಮ ಕಡೆ ಇಂಥದ್ದು ಕಬ್ಬಿನ ಗದ್ದೆಯ ನಡುವೆ, ಹಳ್ಳದ ತಗ್ಗಿನಲ್ಲಿ, ಹೊಗೆ ಕಾಣದ ಹೊತ್ತಿನಲ್ಲಿ ನಡೆಯುತ್ತದೆ. ಜೀಪಿನ ಸದ್ದಾದರೆ ಮಡಕೆ ಒಡೆದು ನಾಲೆಗೆ ಚೆಲ್ಲಿ ಓಡುತ್ತಾರೆ. ಇಲ್ಲಿ ಪಕ್ಕದ ಮನೆಯ ಹೆಂಗಸು ಬಟ್ಟೆ ಒಣಹಾಕುತ್ತ, ಈ ಸಲ ಹೇಗಿದೆ ಹೆನ್ರಿ ಎಂದು ವಿಚಾರಿಸುತ್ತಿದ್ದಾರೆ.

ಇದು ಭಟ್ಟಿ ಇಳಿಸುವುದಲ್ಲ, ಬರೀ ಕುದಿಸುವುದು ಎಂದು ಹೆನ್ರಿ ವಿವರಿಸಿದರು. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯ ನೀರು, ಅದಕ್ಕೊಂದು ಕಹಿ ಹೂವು. ಒಂದು ಗಂಟೆ ಕೊತಕೊತ ಕುದಿಯಬೇಕು. ಆಮೇಲೆ ಆರಿಸಿ ಹುಳಿಯಲು ಬಿಡುತ್ತಾರೆ, ಒಂದು ತಿಂಗಳು ಬೇಕು. ಮನೆಮಟ್ಟಿಗೆ ಮಾಡಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಎಲ್ಲ ಕೇಳಿಸಿಕೊಂಡೆ. ತಲೆಯೊಳಗೆ ಹೋದದ್ದು ಮಾತ್ರ ಒಂದೇ, ನಾನು ಉಣ್ಣುತ್ತಿರುವ ಮನೆಯಲ್ಲಿ ಆ ಒಲೆ ಇದೆ.

ಹೆನ್ರಿಯವರ ಮಗಳು ಸೂಸನ್‌ಳ ಮದುವೆ ಇನ್ನು ಐದು ವಾರದಲ್ಲಿ. ಜರ್ಮನಿಯಿಂದ ಬಂದ ತಾತನ ಕಾಲದಿಂದಲೂ ಅವರ ಮನೆತನದಲ್ಲಿ ಹೆಣ್ಣಿನ ತಂದೆ ತಾನೇ ಕಾಯಿಸಿದ ಬಿಯರನ್ನು ಬೀಗರಿಗೆ ಎರೆಯಬೇಕಂತೆ. ಅಂಗಡಿಯದು ಎರೆದರೆ ಮದುವೆಯಾಗುತ್ತದೆ, ಆದರೆ ತಂದೆ ತಲೆ ತಗ್ಗಿಸಬೇಕಾಗುತ್ತದೆ. ಎರಡು ಸಲ ಕಾಯಿಸಿ ಎರಡೂ ಕೆಟ್ಟಿದ್ದವು. ಸರಿಯಾಗಿ ಕುದಿಯದೆ ಬೆಂದ ಜೋಳದ ವಾಸನೆ ಹಿಡಿದು, ಮಾರ್ಗರೆಟ್ ಮೂಗು ಮುಚ್ಚಿಕೊಂಡು ಚರಂಡಿಗೆ ಸುರಿದಿದ್ದರು. ಮೂರನೆಯದು ಶನಿವಾರಕ್ಕೆ ಎಂದು ಗೊತ್ತಾಗಿತ್ತು. ಅದೂ ಕೆಟ್ಟರೆ ಮದುವೆಯೊಳಗೆ ತಿಂಗಳು ತುಂಬುವುದಿಲ್ಲ. ಅವತ್ತು ಹಂಡೆಯಲ್ಲಿಟ್ಟಿದ್ದು ಒಂದಿಷ್ಟೇ ಬಾರ್ಲಿ ನೀರು, ಒಲೆಯ ಪರೀಕ್ಷೆಗೆ. ಎರಡೂವರೆ ಗಂಟೆ ಕಾದರೂ ಅಂಚಿನಲ್ಲಿ ನಾಲ್ಕು ಗುಳ್ಳೆ ಎದ್ದು ಮಲಗಿದವು.

ಹೆನ್ರಿ ಹಂಡೆಗೆ ಕಂಬಳಿ ಸುತ್ತಿದರು. ಇಟ್ಟಿಗೆ ಜೋಡಿಸಿದರು. ಥರ್ಮಾಮೀಟರು ಅದ್ದಿ ತಲೆಯಾಡಿಸಿದರು. ನಾನು ಬಗ್ಗಿ ಉರಿಯನ್ನು ನೋಡಿದೆ. ಅಷ್ಟು ದೊಡ್ಡ ಬರ್ನರಿನ ಬಾಯಲ್ಲಿ ಎಳ್ಳಿನಷ್ಟೆಳ್ಳಿನಷ್ಟು ನೀಲಿ ನಾಲಗೆಗಳು. ನೋಡಿದೊಡನೆ ನನಗೆ ರೋಗ ತಿಳಿಯಿತು.

ನಾಗಮಂಗಲದ ಒಬ್ಬ ಯಜಮಾನರಿಗೆ ಹೀಗೇ ಆಗಿತ್ತು. ಗೋಬರ್ ಗ್ಯಾಸ್ ಹಾಕಿಸಿಕೊಂಡು, ಸೊಸೆ ತವರಿನಿಂದ ತಂದ ಸಿಲಿಂಡರ್ ಸ್ಟೋವನ್ನೇ ಅದಕ್ಕೆ ಸಿಕ್ಕಿಸಿದ್ದರು. ಹಾಲು ಉಕ್ಕುವುದಕ್ಕೆ ಮಧ್ಯಾಹ್ನವಾಗುತ್ತಿತ್ತು. ನಮ್ಮೆಮ್ಮೆ ಸಗಣೀಲಿ ಕಾವಿಲ್ಲ ಎಂದು ಎಮ್ಮೆಗೆ ಹುರುಳಿ ಬೇಯಿಸಿ ಹಾಕಿದರು, ಕೊನೆಗೆ ಎಮ್ಮೆಯನ್ನೇ ಬದಲಾಯಿಸಿದರು. ತಪ್ಪು ಎಮ್ಮೆಯದಲ್ಲ, ಜೆಟ್ಟಿನದು. ಸಿಲಿಂಡರಿನೊಳಗೆ ಗ್ಯಾಸನ್ನು ಅಮುಕಿ ತುಂಬಿರುತ್ತಾರೆ, ಸೂಜಿ ತೂರದ ತೂತಿನಿಂದಲೂ ಅದು ಬುಸ್ಸೆಂದು ನುಗ್ಗುತ್ತದೆ. ಸಗಣಿ ಗ್ಯಾಸು ಸಾಧು, ಅದಕ್ಕೆ ದೊಡ್ಡ ತೂತು ಬೇಕು. ಹೆನ್ರಿಯವರ ಪೈಪಿನ ಗ್ಯಾಸೂ ಅಂಥದೇ ಸಾಧು. ಬರ್ನರು ಮಾತ್ರ ಸಿಲಿಂಡರಿನದು, ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದದ್ದು.

ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಬಲಗೈಯನ್ನು ಜೇಬಿನೊಳಗೆ ತುರುಕಿಕೊಂಡು, ಗಾಳಿ ಜಾಸ್ತಿ ಎಂದು ಹೇಳಿ ಒಳಗೆ ಹೋದೆ. ನಮ್ಮೂರಿಗೆ ಬಂದಾಗ ನನ್ನ ಗುಂಡಿಯೊಂದು ಸೋರಿದರೆ ತಾನೇ ಇಳಿದು ಸಗಣಿಯಲ್ಲಿ ಮೊಳಕೈವರೆಗೆ ಕೈಯಿಟ್ಟಿದ್ದ ಮನುಷ್ಯನಿಗೆ ನಾನು ಮಾಡಿದ ಉಪಕಾರ ಇದು.

ಶನಿವಾರ

ಮೂರನೆಯ ಹಂಡೆ ಬೆಳಿಗ್ಗೆಯೇ ಒಲೆ ಏರಿತು. ಹತ್ತೂವರೆಯಾದರೂ ಕೈಯಿಡುವಷ್ಟೇ ಬಿಸಿ. ಹೆನ್ರಿ ಕಹಿ ಹೂವು ತೂಗಲು ಒಳಗೆ ಹೋಗುತ್ತ, ಸ್ವಲ್ಪ ನೋಡಿಕೊಂಡಿರಿ ಎಂದು ನಮ್ಮಿಬ್ಬರಿಗೆ ಹೇಳಿದರು. ಸತ್ತಾರ್ ಭಾಯ್ ಹಂಡೆಗೆ ಬೆನ್ನು ತಿರುಗಿಸಿಕೊಂಡು ನಿಂತರು. ನಾನು ಉರಿಯಿಂದ ನಾಲ್ಕು ಮಾರು ದೂರದಲ್ಲಿ ಸ್ಟೂಲು ಹಾಕಿಕೊಂಡೆ.

ಆಗ ಪಕ್ಕದ ಗೇಟು ಕಿರ್ರೆಂದಿತು. ಪೊಲೀಸು. ಪೂರಾ ಯೂನಿಫಾರಮ್ಮು, ಸೊಂಟದಲ್ಲಿ ಪಿಸ್ತೂಲು, ಎದೆಯ ಮೇಲೆ ಬಿಲ್ಲೆ, ತಲೆಯ ಮೇಲೆ ಟೋಪಿ. ನೇರ ಹಂಡೆಯ ಕಡೆಗೇ ಬರುತ್ತಿದ್ದಾನೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ನಾವು ಹೆಗಲು ಮುಟ್ಟಿಕೊಳ್ಳುವಷ್ಟೂ ತಡ ಮಾಡಲಿಲ್ಲ. ಕಾನೂನಿನ ಅಡ್ಡಿಯಿಲ್ಲ ಎಂದು ಹೆನ್ರಿ ಹೇಳಿದ್ದು ಆ ಕ್ಷಣಕ್ಕೆ ಎಲ್ಲಿ ಹೋಯಿತೋ. ಮಂಡ್ಯದ ಸೀಮೆಯಲ್ಲಿ ಹುಟ್ಟಿದವನಿಗೆ ಹಂಡೆಯೂ ಖಾಕಿಯೂ ಒಟ್ಟಿಗೆ ಕಂಡರೆ ಕೈಕಾಲು ತಾವೇ ಕೆಲಸ ಮಾಡುತ್ತವೆ, ಇಲ್ಲಿ ಖಾಕಿ ಕಪ್ಪಗಿತ್ತು ಅಷ್ಟೆ. ಅನ್ನ ಹಾಕಿದ ಮನೆಯ ಯಜಮಾನ ಮಗಳ ಮದುವೆಯ ಹೊತ್ತಿನಲ್ಲಿ ಜೈಲಿಗೆ ಹೋಗುತ್ತಾನೆ ಎಂಬುದೊಂದೇ ನನಗೆ ಕಂಡದ್ದು.

"ಚೆಲ್ಲಿ ಸತ್ತಾರ್ ಭಾಯ್," ಎಂದೆ.

ಅವರು ಆಗಲೇ ಒಂದು ಕಿವಿ ಹಿಡಿದಿದ್ದರು. ಇನ್ನೊಂದು ಕಿವಿಗೆ ನಾನು ಟವೆಲ್ಲು ಸುತ್ತಿ ಹಿಡಿದೆ. ಇಬ್ಬರೂ ಸೇರಿ ಹೂಂ ಎಂದು ಎತ್ತಿ ಮಗುಚಿದೆವು. ಐದಾರು ಬಿಂದಿಗೆ ಬಾರ್ಲಿ ನೀರು ಹುಲ್ಲಿನ ಮೇಲೆ ಹರಿದು, ಒಲೆಯನ್ನು ಆರಿಸಿ, ಪೊಲೀಸಿನ ಬೂಟು ನೆನೆಸಿ, ಬೇಲಿ ದಾಟಿ ಪಕ್ಕದ ಮನೆಯ ಹೂವಿನ ಪಾತಿಗೆ ಹೋಯಿತು. ಒಲೆ ಸರಿಯಾಗಿದ್ದಿದ್ದರೆ ಅವತ್ತು ನಾವಿಬ್ಬರೂ ಬೆಂದೇ ಹೋಗುತ್ತಿದ್ದೆವು.

ಪೊಲೀಸು ಟೋಪಿ ತೆಗೆದ. ಎದುರು ಮನೆಯ ಡೇವ್. ಹೋದ ವರ್ಷದ ಬಿಯರಿನ ಬಾಟಲಿ ಒಂದು ಉಳಿದಿದೆ ಎಂದು ಹೆನ್ರಿ ಹೇಳಿದ್ದರಂತೆ, ಸಂಜೆಗೆ ಇಸಿದುಕೊಂಡು ಹೋಗಲು ಬಂದಿದ್ದ.

ಅಷ್ಟರಲ್ಲಿ ಹೆನ್ರಿ ತಟ್ಟೆಯಲ್ಲಿ ಹೂವು ಹಿಡಿದುಕೊಂಡು ಬಾಗಿಲಿಗೆ ಬಂದರು. ನಾನು ಕೈಮುಗಿದು ನಿಂತು, ನಮ್ಮ ಕಡೆ ಹೀಗೆ, ಪೊಲೀಸಿನವರನ್ನು ಕಂಡರೆ ಹೀಗೆ ಎಂದು ಇದ್ದಬದ್ದ ಇಂಗ್ಲಿಷಿನಲ್ಲಿ ಹೇಳಿದೆ. ಡೇವ್ ಬೇಲಿಗೊರಗಿ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಹೆನ್ರಿ ನಗಲಿಲ್ಲ. ಮೆಟ್ಟಿಲ ಮೇಲೆ ಕೂತರು. ತಟ್ಟೆಯ ಹೂವು ಗಾಳಿಗೆ ಹಾರುತ್ತಿತ್ತು.

"ಪರವಾಗಿಲ್ಲ ನಿಂಗೇಗೌಡ," ಎಂದರು. "ಹೇಗಿದ್ದರೂ ಅದು ಕುದಿಯುತ್ತಿರಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತು ಕೇಳಿ ನನಗೆ ನನ್ನ ಮೇಲೇ ಅಸಹ್ಯವಾಯಿತು. ಅದು ಯಾಕೆ ಕುದಿಯುವುದಿಲ್ಲ ಎಂದು ಗೊತ್ತಿದ್ದೂ ನಾಲ್ಕು ದಿನ ಆ ಮನೆಯಲ್ಲಿ ಹೊಟ್ಟೆ ತುಂಬ ಉಂಡಿದ್ದೆ. ಸತ್ತಾರ್ ಭಾಯಿಯನ್ನು ಕರೆದುಕೊಂಡು ಶೆಡ್ಡಿನ ಹಿಂದೆ ಹೋದೆ.

"ಆ ಬರ್ನರು ಸಿಲಿಂಡರ್ದು," ಎಂದೆ.

"ಗೊತ್ತು ನಿಂಗಣ್ಣ. ಬಂದ್ ದಿನಾನೇ ನೋಡ್ದೆ. ಜೆಟ್ಟು ಬದ್ಲಾಯಿಸ್ಬೇಕು, ಪೈಪೂ ಸಣ್ಣದು."

"ಮತ್ಯಾಕೆ ಏಳ್ಲಿಲ್ಲ ನೀವು?"

"ನೀವ್ಯಾಕೆ ಏಳ್ಲಿಲ್ಲ?"

ನಾನು ಅವ್ವನ ಆಣೆಯ ವಿಷಯ ಹೇಳಿದೆ. ಇಷ್ಟು ವರ್ಷದ ಸ್ಕೂಟರ್ ಸವಾರಿಯಲ್ಲಿ ಹೇಳಿರಲಿಲ್ಲ. ಅವರು ಗಡ್ಡ ನೀವಿಕೊಂಡರು.

"ನಮ್ಗೆ ಇದು ಹರಾಮ್. ಮುಟ್ಬಾರ್ದು, ಮಾಡ್ಕೊಡ್ಬಾರ್ದು," ಎಂದರು. "ಆದ್ರೆ ಹೆಣ್ ಮಗಳ ಮದ್ವೆ ಸಾಮಾನ್ನ ನಾವೇ ಚೆಲ್ಬುಟ್ವಲ್ಲ. ಅದ್ಕೂ ಮೇಲೆ ಲೆಕ್ಕ ಕೇಳ್ತಾರೆ. ನಾನು ತೂತು ಕೊರೆದುಕೊಡ್ತೀನಿ. ತೂತು ತೂತಷ್ಟೇ. ಹಂಡೆ ಹತ್ರಕ್ಕೆ ನಾನು ಬರಾಕಿಲ್ಲ. ಉರಿ ನೀವು ಹಚ್ಕಳಿ."

ಉರಿ ಯಾರು ಹಚ್ಚುವುದು ಎಂಬುದೇ ನನ್ನ ಸಂಕಟ. ಅದನ್ನು ಅವರು ನನ್ನ ಮಡಿಲಿಗೇ ಹಾಕಿದರು.

ಭಾನುವಾರ

ಹಿಂದಿನ ರಾತ್ರಿಯೇ ಹೆನ್ರಿಗೆ ಒಲೆಯ ರೋಗ ಹೇಳಿದ್ದೆ. ಚರ್ಚು ಮುಗಿಸಿ ಬರುವಾಗ ಡೇವ್ ತನ್ನ ಭಾವಮೈದುನನನ್ನು ಕರೆತಂದ. ಅವನು ಲೈಸೆನ್ಸು ಇರುವ ಗ್ಯಾಸ್ ಫಿಟ್ಟರು. ಆ ದೇಶದಲ್ಲಿ ಲೈಸೆನ್ಸು ಇಲ್ಲದವರು ಗ್ಯಾಸಿನ ಪೈಪು ಮುಟ್ಟಿದರೆ ಅಪರಾಧವಂತೆ. ನಾನು ಮತ್ತೊಮ್ಮೆ ಬೆಪ್ಪಾದೆ. ನಮ್ಮಲ್ಲಿ ಗ್ಯಾಸನ್ನು ಯಾರು ಬೇಕಾದರೂ ಮುಟ್ಟಬಹುದು, ಹೆಂಡ ಕಾಯಿಸಿದರೆ ಪೊಲೀಸು ಬರುತ್ತಾರೆ. ಇಲ್ಲಿ ಹೆಂಡ ಯಾರು ಬೇಕಾದರೂ ಕಾಯಿಸಬಹುದು, ಗ್ಯಾಸು ಮುಟ್ಟಿದರೆ ಪೊಲೀಸು. ಬೆಳಿಗ್ಗೆಯೇ ನಾವು ಜೆಟ್ಟು ಬಿಚ್ಚಿಟ್ಟಿದ್ದೆವು, ಮೆಲ್ಲಗೆ ಅದನ್ನು ಫಿಟ್ಟರಿನ ಮುಂದಿಟ್ಟೆ.

ಅವನು ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ ತಲೆದೂಗಿದ. ಆಮೇಲೆ ಚೀಲದಿಂದ ಏನನ್ನೋ ತೆಗೆದ. ನಾನು ಕಣ್ಣುಜ್ಜಿಕೊಂಡೆ. ನೀರು ತುಂಬಿ ಬಗ್ಗಿಸಿದ ಪಾರದರ್ಶಕ ಕೊಳವೆ. ಗ್ಯಾಸಿನ ಒತ್ತಡ ನೋಡಲು ನಾನು ನಾಗಮಂಗಲದಲ್ಲಿ ಹಲಗೆಗೆ ಮೊಳೆ ಹೊಡೆದು ಕಟ್ಟಿಕೊಳ್ಳುವುದು ಇದನ್ನೇ. ಪೈಪಿಗೆ ಸಿಕ್ಕಿಸಿದ, ನೀರು ಒಂದು ಕಡೆ ಏರಿತು.

"ಏಳು ಇಂಚು," ಎಂದು ಅವನೂ ನಾನೂ ಒಟ್ಟಿಗೆ ಅಂದೆವು. ನಮ್ಮ ಡ್ರಮ್ಮಿನದು ನಾಲ್ಕು ಇಂಚು. ಎರಡೂ ಒಂದೇ ಕುಲ. ಆಮೇಲೆ ಅವನು ನನ್ನನ್ನು ಲೈಸೆನ್ಸು ಕೇಳಲಿಲ್ಲ.

ತೆಳು ಕೊಳವೆ ಕಿತ್ತು ಹೆಬ್ಬೆರಳು ಗಾತ್ರದ ಪೈಪನ್ನು ಅವನು ಹಾಕಿದ. ಸತ್ತಾರ್ ಭಾಯ್ ಶೆಡ್ಡಿನಲ್ಲಿ ಕೂತು ಬಿಸ್ಕತ್ತು ಡಬ್ಬಿ ಬಿಚ್ಚಿದರು. ತೂತನ್ನು ಒಂದೇ ಸಲ ದೊಡ್ಡದು ಮಾಡಬಾರದು. ಮಾಡಿದ ತೂತನ್ನು ಸಣ್ಣ ಮಾಡಲು ಅಲ್ಲಾನಿಗೂ ಆಗುವುದಿಲ್ಲ ಎನ್ನುತ್ತಾರೆ ಅವರು. ಒಂದು ಬಿಟ್ಟು ಹಾಕಿ ಕೊರೆದು ಕಿಟಕಿಯಿಂದ ಕೈನೀಡಿದರು. ಫಿಟ್ಟರು ಅದನ್ನು ಕೂರಿಸಿ, ಸೋಪಿನ ನೀರು ಬಳಿದು ಸೋರಿಕೆ ಇಲ್ಲವೆಂದು ನೋಡಿ, ಹಿಂದೆ ಸರಿದ.

ಹೆನ್ರಿ ಬೆಂಕಿಪೊಟ್ಟಣವನ್ನು ನನ್ನ ಕಡೆ ಚಾಚಿದರು. ಗೌರವಕ್ಕೆಂದು ಚಾಚಿದರು, ಪಾಪ. ಹಂಡೆಯಲ್ಲಿ ಹೊಸ ಬಾರ್ಲಿ ನೀರಿತ್ತು, ಇವತ್ತೇ ಕುದಿದರೆ ಮದುವೆಗೆ ಸರಿಯಾಗಿ ತಿಂಗಳು ತುಂಬುತ್ತಿತ್ತು. ಮಾರ್ಗರೆಟ್, ಡೇವ್, ಪಕ್ಕದ ಮನೆಯ ಹೆಂಗಸು ಎಲ್ಲರೂ ನಿಂತಿದ್ದರು. ನನ್ನ ಅಂಗೈಯಲ್ಲಿ ಅವ್ವನ ಎಣ್ಣೆಗೂದಲಿನ ನುಣುಪು ಇನ್ನೂ ಇದ್ದ ಹಾಗಿತ್ತು. ತಪ್ಪಾಯಿತವ್ವ ಎಂದು ಗಟ್ಟಿಯಾಗಿಯೇ ಹೇಳಿದೆ. ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಕಡ್ಡಿ ಗೀರಿದೆ.

ಉರಿ ಸಾಲದಾಯಿತು. ಇನ್ನೊಂದು ಎಳೆ ಕೊರೆಸಿದೆ. ಮತ್ತೊಂದು. ನಾಲ್ಕನೆಯ ಸಲಕ್ಕೆ ಉರಿ ಗೇಣುದ್ದ ಎದ್ದಿತು, ಆದರೆ ಹಳದಿ. ಹಳದಿ ಉರಿ ಹಂಡೆಗೆ ಮಸಿ ಬಳಿಯುತ್ತದೆ, ಕಾವು ಕೊಡುವುದಿಲ್ಲ. ಬರ್ನರಿನ ಕೊರಳಲ್ಲಿರುವ ಗಾಳಿಯ ಕಿಂಡಿ ತೆರೆದೆ. ನೀಲಿಗೆ ತಿರುಗಿ ಗುಂಯ್ ಎನ್ನತೊಡಗಿತು. ಹಂಡೆಯನ್ನು ಎರಡು ಬೆರಳು ಕೆಳಗಿಳಿಸಿ, ಉರಿಯ ತುದಿ ತಳವನ್ನು ನೆಕ್ಕುವಷ್ಟಕ್ಕೆ ನಿಲ್ಲಿಸಿದೆ. ಇನ್ನು ಗಾಳಿ. ನಮ್ಮ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯನ್ನು ಒಲೆಯೊಳಗೇ ಹೂತಂತೆ ಕೂರಿಸುತ್ತಾರೆ, ಉರಿ ಎಲ್ಲೂ ಪೋಲಾಗುವುದಿಲ್ಲ. ಹಾಗೇ ಒಂದು ತಗಡನ್ನು ಲಂಗದ ಹಾಗೆ ಸುತ್ತಿ, ಹೊಗೆ ಹೋಗಲು ಮೇಲೆ ಬೆರಳಗಲ ಜಾಗ ಬಿಟ್ಟೆ.

ಮುಕ್ಕಾಲು ಗಂಟೆಗೆ ಹಂಡೆ ಕೊತಕೊತ ಕುದಿಯಿತು. ನೊರೆ ಉಕ್ಕಿ ಬಂದಾಗ ನಾನು ಅಭ್ಯಾಸಬಲದಿಂದ ಉರಿ ತಗ್ಗಿಸಿ, ಇಳಿದ ಮೇಲೆ ಏರಿಸಿದೆ. ಹೆನ್ರಿ ನನ್ನನ್ನು ತಬ್ಬಿಕೊಂಡರು. ಅರವತ್ತೈದರ ಮನುಷ್ಯನ ಕಣ್ಣಲ್ಲಿ ನೀರು. ಮದುವೆಯ ದಿನ ಮೊದಲ ಗ್ಲಾಸು ನಿನ್ನ ಹೆಸರಲ್ಲಿ ಎಂದರು.

"ನನ್ನ ಹೆಸರು ಬೇಡ," ಎಂದೆ.

ಸಂಜೆ ಅವರ ಫೋನಿನಿಂದ ಪಾಂಡವಪುರದ ಎಸ್‌ಟಿಡಿ ಬೂತಿಗೆ ಮಾಡಿಸಿದೆ. ಅಲ್ಲಿ ಸೋಮವಾರ ಬೆಳಗಾಗಿತ್ತು. ಬೂತಿನವನು ನಮ್ಮೂರಿನವನೇ, ಸೋಮಣ್ಣ.

"ನಮ್ಮವ್ವ ಎಂಗವ್ಳೆ?" ಎಂದೆ.

"ಎಂಗವ್ಳೆ ಅಂದ್ರೆ? ಈಗ್ತಾನೆ ಡೇರಿಗೆ ಹಾಲು ಆಕ್ಬುಟ್ಟು ಓಯ್ತು. ಯಾಕ್ಲಾ, ಏನಾಯ್ತು?"

ಏನಿಲ್ಲ ಎಂದು ಇಟ್ಟುಬಿಟ್ಟೆ. ಸತ್ತಾರ್ ಭಾಯ್ ಚಾ ತಂದುಕೊಟ್ಟರು.

ಮರಳಿ ಊರು

ಮದುವೆಗೆ ಮುಂಚೆಯೇ ಹೊರಟು ಬಂದೆವು. ಬಂದ ಸಂಜೆಯೇ ಹೇಳಿಬಿಡಬೇಕೆಂದು ಕೊಟ್ಟಿಗೆಗೆ ಹೋದೆ. ಅವ್ವ ಎಮ್ಮೆಯ ಪಕ್ಕೆಗೆ ತಲೆಯಾನಿಸಿ ಹಾಲು ಕರೆಯುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ. ಕಾಣದಿದ್ದದ್ದೇ ಒಳ್ಳೆಯದೆನಿಸಿತು.

"ಅವ್ವ, ಅಲ್ಲಿ ಒಂದು ತಪ್ಪು ಮಾಡ್ಬುಟ್ಟೆ," ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದೆ. ಹಂಡೆ, ಮದುವೆ, ಪೊಲೀಸು, ಚೆಲ್ಲಿದ್ದು, ಜೆಟ್ಟು, ಕಡ್ಡಿ ಗೀರಿದ್ದು. ಪೊಲೀಸಿನ ಬೂಟು ನೆಂದದ್ದಕ್ಕೆ ನಗಬಹುದು ಎಂದುಕೊಂಡಿದ್ದೆ, ನಗಲಿಲ್ಲ. ಎದ್ದು ಬೈಯಬಹುದು ಎಂದುಕೊಂಡಿದ್ದೆ, ಅದೂ ಇಲ್ಲ. ಸೊರ್ ಸೊರ್ ಎಂದು ಹಾಲು ಬೀಳುತ್ತಿತ್ತು.

"ಎಷ್ಟೊತ್ಗೆ ಕುದೀತ್ಲಾ?" ಎಂದಳು.

"ಮುಕ್ಕಾಲು ಗಂಟೆಗೆ."

"ಬಿರ್ರನೆ ಆಗದೆ." ಕೈ ಬದಲಿಸುತ್ತ ಕೇಳಿದಳು, "ಮೊದ್ಲು ಇಳಿಯೋದ್ನ ಚೆಲ್ಲುದ್ರಾ?"

ನನಗೆ ತಿಳಿಯಲಿಲ್ಲ. "ಇಳಿಯೋದು ಅಂದ್ರೆ?"

"ನಳಿಗೇಲಿ ಮೊದ್ಲು ಒಂದು ಲೋಟದಷ್ಟು ತೊಟ್ಟಿಕ್ತದಲ್ಲ, ಅದು. ಅದು ಇಸ. ನೆಲುಕ್ಕೆ ಚೆಲ್ಬೇಕು."

"ಅದು ಭಟ್ಟಿ ಅಲ್ಲ ಕಣವ್ವ. ನಳಿಗೆ ಇಲ್ಲ, ಇಳ್ಸೋದಿಲ್ಲ. ಬರೀ ಕುದ್ಸೋದು."

"ಅಂಗಾದ್ರೆ ಸರಿ ಬುಡು."

ಹಾಲಿನ ಸದ್ದು ನಡೆದೇ ಇತ್ತು. ಹದಿನೈದು ವರ್ಷ ಗ್ಯಾಸು, ಒಲೆ, ಉರಿ ಎಂದು ಬದುಕಿದ ನನಗೆ ಗೊತ್ತಿಲ್ಲದ್ದು, ಮನೆ ಗದ್ದೆ ಬಿಟ್ಟು ಆಚೆ ಹೋಗದ ಇವಳಿಗೆ ಹೇಗೆ ಗೊತ್ತು?

"ನಿಂಗೆ ಯಾರವ್ವ ಇದ್ನೆಲ್ಲ ಏಳ್ಕೊಟ್ಟೋರು?"

"ಯಾರು ಏಳ್ಕೊಡ್ತಾರೆ? ಕಾಯಿಸ್ತಿದ್ದೋಳು ನಾನಲ್ವಾ?" ಎಂದಳು ಅವ್ವ, ಎಮ್ಮೆಯ ಪಕ್ಕೆಗೇ ಹೇಳುವವಳಂತೆ. "ನಿಮ್ಮಪ್ಪಂಗೆ ಒಂದು ಒಲೆ ನೆಟ್ಟಗೆ ಹಚ್ಚಾಕೆ ಬತ್ತಿರ್ಲಿಲ್ಲ. ಅದು ಕಾವಲು ಕೂತ್ಕತ್ತಿತ್ತು, ಅಷ್ಟೇಯ. ಅವತ್ತು ಒಲೆಗಾಕೋ ಕಬ್ಬಿನ ರಚ್ಚು ಚೆಂದಾಗಿ ಒಣಗಿತ್ತು. ಉರಿ ಜೋರಾಯ್ತು, ಬಿರ್ರನೆ ಇಳೀತು. ಚೆಲ್ಲಾಕೆ ಅಂತ ಲೋಟ ಎತ್ಕಂಡೆ. ಚಳಿ ಕಣಮ್ಮಿ, ಒಂದೇ ಗುಟುಕು ಕೊಡು ಅಂತು. ಬ್ಯಾಡ ಅಂದೆ. ಇನ್ನೊಂದ್ಸಲ ಕೇಳ್ತು."

ಎಮ್ಮೆ ಕಾಲು ಬದಲಿಸಿತು. ಅವ್ವ ಅದರ ಮಂಡಿಯನ್ನು ತಟ್ಟಿ ಸುಮ್ಮನಿರಿಸಿದಳು.

"ಕೊಟ್ಟೆ," ಎಂದಳು.

ಕೆಚ್ಚಲು ಬರಿದಾಗಿತ್ತು. ಅವ್ವ ಎದ್ದು, ಹಾಲಿನ ಕ್ಯಾನನ್ನು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಕ್ಯಾನು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

"ಓಗ್ಲಾ ಮಗ," ಎಂದಳು. "ಡೇರಿ ಬಾಗ್ಲು ಆಕ್ಬುಡ್ತಾರೆ."